ಬರೆದದ್ದು ಯಾವಾಗ ಬರೆದಂತಾಗುತ್ತದೆ?

(ಪೋಷಕರ ಹಾಗೂ ವಿದ್ಯಾರ್ಥಿಗಳ ವಾರ್ಷಿಕ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ., ಮಾಡಿದ ಭಾಷಣದ ಪಾಠ)



ಈ ದಿನ ನಾವು ಆರಿಸಿಕೊಂಡಿರುವ ವಿಷಯವು ಮೊದಲ ನೋಟಕ್ಕೆ ಶುಷ್ಕವಾಗಿ ತೋರಬಹುದು. ಕಂಪ್ಯೂಟರಿನಲ್ಲಿ ನಾವು ಬರೆದ ಅಕ್ಷರವು ಯಾವ ಗಳಿಗೆಯಲ್ಲಿ ಸ್ಥಿರವಾದ ನೆಲೆಯನ್ನು ಸೇರುತ್ತದೆ, ಅದಕ್ಕೆ ಮುಂಚೆ ಎಲ್ಲೆಲ್ಲಿ ತಂಗುತ್ತದೆ, ಆ ಪ್ರಯಾಣವನ್ನು ಆಪರೇಟಿಂಗ್ ಸಿಸ್ಟಮ್ ಎಂಬ ಮೇಲ್ವಿಚಾರಕನು ಹೇಗೆ ನಡೆಸುತ್ತಾನೆ ಎಂಬುದೇ ಆ ವಿಷಯ. ಆದರೆ ಇದು ಪಂಡಿತರಿಗೆ ಮಾತ್ರ ಬೇಕಾದುದೆಂದು ಯಾರೂ ಭಾವಿಸತಕ್ಕದ್ದಲ್ಲ. ಇಂದು ಮಕ್ಕಳ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಜಮೀನಿನ ಪಹಣಿಯ ಪ್ರತಿ, ತೀರಿಹೋದ ಹಿರಿಯರ ಭಾವಚಿತ್ರ, ಇವೆಲ್ಲವೂ ಈ ಯಂತ್ರಗಳೊಳಗೆ ಸೇರಿಕೊಂಡಿವೆ. ಇವುಗಳಲ್ಲಿ ಕೆಲವಕ್ಕೆ ಎರಡನೆಯ ಪ್ರತಿಯೇ ಇರುವುದಿಲ್ಲ. ಅಂಥದೊಂದು ಕಳೆದುಹೋದರೆ ಆಗುವ ನಷ್ಟ ಎಷ್ಟೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಗಳು ಆಗಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು: “ಗುರುಗಳೇ, ಸೇವ್ ಗುಂಡಿಯನ್ನು ಒತ್ತಿದ್ದೆ. ಅರೆಕ್ಷಣದಲ್ಲಿ ವಿದ್ಯುತ್ತು ಹೋಯಿತು. ಮತ್ತೆ ಬಂದಾಗ ಕಡತ ಖಾಲಿಯಾಗಿತ್ತು. ನಾನು ಬರೆದದ್ದು ಎಲ್ಲಿಗೆ ಹೋಯಿತು?” ಪ್ರಶ್ನೆ ನ್ಯಾಯವಾದುದು. ಇದಕ್ಕೆ “ಯಂತ್ರ ಕೆಟ್ಟಿದೆ” ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಎಷ್ಟೋ ಸಲ ಯಂತ್ರವು ಕೆಟ್ಟಿರುವುದಿಲ್ಲ. ತನ್ನ ನಿಯಮದಂತೆಯೇ ನಡೆದಿರುತ್ತದೆ. ಆ ನಿಯಮವನ್ನು ತಿಳಿದುಕೊಳ್ಳೋಣ.

ಕಂಪ್ಯೂಟರಿನಲ್ಲಿ ನೆನಪಿನ ಸ್ಥಾನಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮೆಮೊರಿ. ಇದರೊಳಗೆ ಅಕ್ಷರಗಳು ಅತಿ ಸಣ್ಣ ವಿದ್ಯುದಾವೇಶಗಳ ರೂಪದಲ್ಲಿ ಇರುತ್ತವೆ. ಆ ಆವೇಶಗಳು ತಾವಾಗಿಯೇ ಸೋರಿಹೋಗುವಂಥವಾದುದರಿಂದ ಸಾಮಾನ್ಯವಾಗಿ ಪ್ರತಿ ೬೪ ಮಿಲಿಸೆಕೆಂಡುಗಳಿಗೊಮ್ಮೆ, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಅರವತ್ತನಾಲ್ಕು ಭಾಗದೊಳಗೆ, ಅವನ್ನು ಮತ್ತೆ ತುಂಬಬೇಕಾಗುತ್ತದೆ. ವಿದ್ಯುತ್ತು ನಿಂತರೆ ತುಂಬುವವರಿಲ್ಲ, ಅಲ್ಲಿದ್ದದ್ದು ಅಳಿಯುತ್ತದೆ. ಎರಡನೆಯದು ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಮುಂತಾದ ಸ್ಥಿರ ಸಂಗ್ರಹ. ಇಲ್ಲಿ ಬರೆದದ್ದು ವಿದ್ಯುತ್ತಿಲ್ಲದಿದ್ದರೂ ನಿಲ್ಲುತ್ತದೆ. ನಮ್ಮ ರೈತ ಬಂಧುಗಳಿಗೆ ಈ ಭೇದವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಮೆಮೊರಿ ಎಂಬುದು ಕಣ. ಡಿಸ್ಕ್ ಎಂಬುದು ಹಗೇವು. ಕಣದಲ್ಲಿ ಬಿದ್ದಿರುವ ರಾಶಿಯನ್ನು ನೋಡಿ ಬೆಳೆ ಮನೆಗೆ ಬಂದಿತೆಂದು ಯಾರೂ ನಿಶ್ಚಿಂತರಾಗುವುದಿಲ್ಲ. ಮಳೆ ಯಾವಾಗ ಬಂದೀತೆಂದು ಹೇಳಲಾಗದಷ್ಟೆ.

ಹಾಗಾದರೆ ಬರೆದದ್ದನ್ನು ಒಡನೆಯೇ ಡಿಸ್ಕಿಗೆ ಸೇರಿಸಬಾರದೇಕೆ? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಣಿತವನ್ನು ಮಾಡಬೇಕು. ಮೊತ್ತಮೊದಲ ಹಾರ್ಡ್ ಡಿಸ್ಕನ್ನು ಐ.ಬಿ.ಎಂ. ಸಂಸ್ಥೆಯು ೧೯೫೬ರಲ್ಲಿ ಹೊರತಂದಿತು. ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದ ಆ ಯಂತ್ರವು ಸುಮಾರು ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿತ್ತು. ಅಂದಿನಿಂದ ತಟ್ಟೆಗಳು ಅಂಗೈಯಗಲಕ್ಕೆ ಇಳಿದಿವೆ, ಹಿಡಿಯುವ ಅಕ್ಷರಗಳು ಲಕ್ಷಾಂತರ ಪಟ್ಟು ಹೆಚ್ಚಿವೆ. ಆದರೆ ತಿರುಗುವ ತಟ್ಟೆಯು ತಿರುಗುವ ತಟ್ಟೆಯೇ. ಇಂದಿನ ಸಾಮಾನ್ಯ ಡಿಸ್ಕು ನಿಮಿಷಕ್ಕೆ ೭,೨೦೦ ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ೧೨೦ ಸುತ್ತು. ಒಂದು ಸುತ್ತಿಗೆ ಸುಮಾರು ೮.೩ ಮಿಲಿಸೆಕೆಂಡು. ಬೇಕಾದ ಸ್ಥಳವು ಬರೆಯುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸುಮಾರು ೪.೨ ಮಿಲಿಸೆಕೆಂಡು. ಮುಳ್ಳು ಅತ್ತಿತ್ತ ಸರಿಯಲು ತೆಗೆದುಕೊಳ್ಳುವ ಕಾಲ ಇದಕ್ಕೆ ಸೇರಬೇಕು. ಮೆಮೊರಿಯಾದರೋ ಸುಮಾರು ೧೦೦ ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಕೋಟಿಯಲ್ಲೊಂದು ಭಾಗದಲ್ಲಿ, ಉತ್ತರ ಕೊಡುತ್ತದೆ. ಮೆಮೊರಿಯ ಕೆಲಸಕ್ಕೆ ಒಂದು ಸೆಕೆಂಡು ಬೇಕೆಂದು ಕಲ್ಪಿಸಿಕೊಂಡರೆ ಡಿಸ್ಕಿನ ಆ ಅರ್ಧ ಸುತ್ತಿಗೆ ಸುಮಾರು ಹನ್ನೊಂದೂವರೆ ಗಂಟೆ ಬೇಕಾಗುತ್ತದೆ. ಒಂದೊಂದು ಅಕ್ಷರಕ್ಕೂ ಹನ್ನೊಂದೂವರೆ ಗಂಟೆ ಕಾಯುವ ಗುಮಾಸ್ತನಿಂದ ಯಾವ ಕಚೇರಿ ನಡೆದೀತು?

ಆದುದರಿಂದ ಆಪರೇಟಿಂಗ್ ಸಿಸ್ಟಮ್ ಒಂದು ಉಪಾಯವನ್ನು ಮಾಡುತ್ತದೆ. ನಾವು ಬರೆದುದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, “ಆಯಿತು” ಎಂದು ಹೇಳಿ ನಮ್ಮನ್ನು ಮುಂದಿನ ಕೆಲಸಕ್ಕೆ ಬಿಡುತ್ತದೆ. ಹೀಗೆ ಇಟ್ಟುಕೊಳ್ಳುವ ಸ್ಥಳಕ್ಕೆ ಕ್ಯಾಶ್ ಎಂದು ಹೆಸರು. ಇದು ವ್ಯಾಪಾರಿಗಳ ಪೆಟ್ಟಿಗೆಯಲ್ಲಿರುವ ಕ್ಯಾಶ್ ಅಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ಶಬ್ದದಿಂದ ಬಂದುದು. ನಾವು ಇದನ್ನು ಮರೆಗೂಡು ಎನ್ನಬಹುದು. ಮೆಮೊರಿಯಲ್ಲಿ ಬದಲಾಗಿ, ಡಿಸ್ಕಿನಲ್ಲಿ ಇನ್ನೂ ಬದಲಾಗದಿರುವ ತುಣುಕುಗಳನ್ನು ಈ ಶಾಸ್ತ್ರದವರು ‘ಕೊಳೆಪುಟ’ ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಸಾಮಾನ್ಯ ಏರ್ಪಾಟಿನಲ್ಲಿ ೫ ಸೆಕೆಂಡಿಗೊಮ್ಮೆ ಒಬ್ಬ ಸೇವಕನು ಎದ್ದು ನೋಡುತ್ತಾನೆ. ೩೦ ಸೆಕೆಂಡಿಗಿಂತ ಹಳೆಯದಾದ ಕೊಳೆಪುಟಗಳನ್ನು ಡಿಸ್ಕಿಗೆ ಸಾಗಿಸುತ್ತಾನೆ. ಅವು ಲಭ್ಯ ಮೆಮೊರಿಯ ನೂರಕ್ಕೆ ಹತ್ತು ಪಾಲನ್ನು ಮೀರಿದರೆ ಕಾಯದೆ ಸಾಗಿಸಲಾರಂಭಿಸುತ್ತಾನೆ. ನೂರಕ್ಕೆ ಇಪ್ಪತ್ತನ್ನು ಮುಟ್ಟಿದರೆ ಬರೆಯುವವರನ್ನೇ ತಡೆದು ನಿಲ್ಲಿಸುತ್ತಾನೆ. ಇದು ಹೊಸ ಪದ್ಧತಿಯಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ರೂಪಿಸಿದ ಯೂನಿಕ್ಸ್‌ನಲ್ಲಿಯೂ ೩೦ ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕಿಗೆ ಕಳುಹಿಸುವ ಇಂಥದೇ ಏರ್ಪಾಟು ಇತ್ತು.

ಈ ವಿಳಂಬದಿಂದ ಲಾಭಗಳೂ ಉಂಟು. ಒಂದೇ ಸಾಲನ್ನು ನೀವು ಹತ್ತು ಸಲ ತಿದ್ದಿದರೆ ಹತ್ತು ಸಲ ಡಿಸ್ಕಿಗೆ ಹೋಗಬೇಕಾಗಿಲ್ಲ. ಕೊನೆಯ ರೂಪ ಹೋದರೆ ಸಾಕು. ಅಕ್ಕಪಕ್ಕದ ಸ್ಥಳಗಳಿಗೆ ಸೇರಬೇಕಾದ ತುಣುಕುಗಳನ್ನು ಒಟ್ಟುಗೂಡಿಸಿ ಒಂದೇ ಪಯಣದಲ್ಲಿ ಸಾಗಿಸಬಹುದು. ಕ್ಷಣಕಾಲ ಬಾಳಿ ಅಳಿಸಿಹೋಗುವ ತಾತ್ಕಾಲಿಕ ಕಡತವಂತೂ ಡಿಸ್ಕನ್ನು ಮುಟ್ಟದೆಯೇ ಮುಗಿಯಬಹುದು. ಸಂತೆಗೆ ಹೋಗುವವನು ಮೆಣಸಿನಕಾಯಿಗೆ ಒಮ್ಮೆ, ಬೆಲ್ಲಕ್ಕೆ ಒಮ್ಮೆ ಬೇರೆ ಬೇರೆಯಾಗಿ ನಡೆದುಹೋಗದೆ ಒಂದೇ ಗಾಡಿಯಲ್ಲಿ ಎಲ್ಲವನ್ನೂ ತರುವಂತೆ ಇದು ಮಿತವ್ಯಯದ ಮಾರ್ಗ.

ವಿಷಯವು ಇಷ್ಟಕ್ಕೇ ಮುಗಿದಿದ್ದರೆ ಸುಲಭವಾಗುತ್ತಿತ್ತು. ಆದರೆ ಎರಡನೆಯದೊಂದು ಮರೆಗೂಡು ಇದೆ, ಮತ್ತು ಅದು ಡಿಸ್ಕಿನ ಹೊಟ್ಟೆಯೊಳಗೇ ಇದೆ. ಇಂದಿನ ಹಾರ್ಡ್ ಡಿಸ್ಕುಗಳಲ್ಲಿ ೬೪ ಅಥವಾ ೨೫೬ ಮೆಗಾಬೈಟಿನಷ್ಟು ಸ್ವಂತ ಮೆಮೊರಿ ಇರುವುದು ಸಾಮಾನ್ಯ. ಆಪರೇಟಿಂಗ್ ಸಿಸ್ಟಮ್ ಕಳುಹಿಸಿದ ಸಾಮಗ್ರಿಯನ್ನು ಡಿಸ್ಕು ತನ್ನ ಈ ಮೆಮೊರಿಯಲ್ಲಿ ಇಟ್ಟುಕೊಂಡ ಕೂಡಲೇ “ಬರೆದಾಯಿತು” ಎಂದು ಉತ್ತರಿಸುತ್ತದೆ. ತಟ್ಟೆಯ ಮೇಲೆ ಇನ್ನೂ ಏನೂ ಮೂಡಿರುವುದಿಲ್ಲ. ಅಷ್ಟೇ ಅಲ್ಲ, ತನಗೆ ಅನುಕೂಲವಾದ ಕ್ರಮದಲ್ಲಿ, ಹಿಂದಿನದನ್ನು ಮುಂದೆ ಮುಂದಿನದನ್ನು ಹಿಂದೆ ಮಾಡಿ, ಅದು ಬರೆಯಬಹುದು. ಪತ್ರವನ್ನು ಅಂಚೆಯ ಪೆಟ್ಟಿಗೆಗೆ ಹಾಕಿದುದು ಬೇರೆ, ವಿಳಾಸದಾರನ ಕೈಸೇರಿದುದು ಬೇರೆ ಎಂಬುದು ನಮಗೆಲ್ಲ ತಿಳಿದದ್ದೇ. ಇಲ್ಲಿ ಪೆಟ್ಟಿಗೆಯೇ “ಪತ್ರ ಮುಟ್ಟಿತು” ಎಂದು ರಸೀದಿ ಕೊಡುತ್ತಿದೆ!

ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಎಂಬ ಹೊಸ ಬಗೆಯ ಸಂಗ್ರಹದಲ್ಲಿಯೂ ಈ ತೊಡಕು ತಪ್ಪಿಲ್ಲ. ಅದರೊಳಗಿನ ಫ್ಲಾಶ್ ಎಂಬ ಪದಾರ್ಥವನ್ನು ಸಣ್ಣ ಪುಟಗಳಾಗಿ ಬರೆಯಬಹುದು. ಆದರೆ ಅಳಿಸಬೇಕಾದರೆ ಅಂಥ ಅನೇಕ ಪುಟಗಳಿರುವ ದೊಡ್ಡ ಖಂಡವನ್ನೇ ಒಟ್ಟಿಗೆ ಅಳಿಸಬೇಕು. ಆದುದರಿಂದ ತಿದ್ದಿದ ಪುಟವು ಪ್ರತಿಸಲವೂ ಹೊಸ ಸ್ಥಳಕ್ಕೆ ಹೋಗುತ್ತದೆ. ಯಾವುದು ಎಲ್ಲಿದೆ ಎಂಬ ಕೋಷ್ಟಕವನ್ನು ಸಾಧನವು ಇಟ್ಟುಕೊಂಡಿರಬೇಕಾಗುತ್ತದೆ. ಆ ಕೋಷ್ಟಕವೇ ಅರ್ಧಂಬರ್ಧವಾಗಿರುವಾಗ ವಿದ್ಯುತ್ತು ಹೋದರೆ ಹಳೆಯ ಕಡತಗಳಿಗೂ ಅಪಾಯ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯ ಮತ್ತು ಎಚ್.ಪಿ. ಪ್ರಯೋಗಶಾಲೆಯ ಸಂಶೋಧಕರು ೨೦೧೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೧೫ ಎಸ್.ಎಸ್.ಡಿ.ಗಳಿಗೆ ಮತ್ತೆ ಮತ್ತೆ ವಿದ್ಯುತ್ತನ್ನು ತಪ್ಪಿಸಿ ನೋಡಿದರು. ಅವುಗಳಲ್ಲಿ ೧೩ ಒಂದಿಲ್ಲೊಂದು ಬಗೆಯಲ್ಲಿ ತಪ್ಪಿ ನಡೆದವು. ದೊಡ್ಡ ಕಾರ್ಯಾಲಯಗಳಿಗಾಗಿ ಮಾಡುವ ಬೆಲೆಬಾಳುವ ಸಾಧನಗಳಲ್ಲಿ ಕೆಪಾಸಿಟರುಗಳನ್ನು ಇಟ್ಟಿರುವುದು ಈ ಕಾರಣದಿಂದಲೇ. ವಿದ್ಯುತ್ತು ಹೋದ ಮೇಲೆ ಮರೆಗೂಡನ್ನು ಬರಿದುಮಾಡುವಷ್ಟು ಶಕ್ತಿಯು ಅವುಗಳಲ್ಲಿ ಉಳಿದಿರುತ್ತದೆ.

ಹಾಗಾದರೆ ಆಪರೇಟಿಂಗ್ ಸಿಸ್ಟಮ್ ಡಿಸ್ಕಿನ ಮಾತನ್ನು ನಂಬಿ ಕುಳಿತಿರಬೇಕೆ? ಇಲ್ಲ. ಅದರ ಕೈಯಲ್ಲಿ ಎರಡು ಆಜ್ಞೆಗಳಿವೆ. “ನಿನ್ನ ಮರೆಗೂಡಿನಲ್ಲಿರುವುದನ್ನೆಲ್ಲ ಸ್ಥಿರವಾದ ಸ್ಥಳಕ್ಕೆ ಸೇರಿಸಿ ಆಮೇಲೆ ಉತ್ತರ ಕೊಡು” ಎಂಬುದು ಒಂದು. ಇದಕ್ಕೆ ಫ್ಲಶ್ ಎಂದು ಹೆಸರು. “ಈ ಒಂದು ತುಣುಕನ್ನು ಮಾತ್ರ ನೇರವಾಗಿ ಬರೆದು ಉತ್ತರ ಕೊಡು” ಎಂಬುದು ಎರಡನೆಯದು. ಈ ಆಜ್ಞೆಗಳನ್ನು ತಕ್ಕ ಸಮಯದಲ್ಲಿ ಕೊಡುವುದೇ ಮೇಲ್ವಿಚಾರಕನ ಜಾಣತನ.

ಆ ತಕ್ಕ ಸಮಯವು ಯಾವುದು? ಇಲ್ಲಿ ನಮ್ಮ ಅಂಗಡಿಕಾರರು ತಲೆತಲಾಂತರದಿಂದ ಬಲ್ಲ ವಿದ್ಯೆಯೇ ಉಪಯೋಗಕ್ಕೆ ಬರುತ್ತದೆ. ವ್ಯವಹಾರ ನಡೆದೊಡನೆ ಅದನ್ನು ಕಿರ್ದಿಯಲ್ಲಿ ಕಾಣಿಸಿ, ಆಮೇಲೆ ನಿಧಾನವಾಗಿ ಖಾತೆಗೆ ಏರಿಸುವುದು ಅವರ ಪದ್ಧತಿ. ಖಾತೆ ಬರೆಯುವಾಗ ದೀಪ ಆರಿದರೂ ಚಿಂತೆಯಿಲ್ಲ. ಮಾರನೆಯ ದಿನ ಕಿರ್ದಿಯನ್ನು ನೋಡಿ ಪೂರೈಸಬಹುದು. ವಿಂಡೋಸ್ ಎನ್.ಟಿ.ಯೊಡನೆ ೧೯೯೩ರಲ್ಲಿ ಬಂದ ಎನ್.ಟಿ.ಎಫ್.ಎಸ್., ಲಿನಕ್ಸ್‌ಗೆ ೨೦೦೧ರಲ್ಲಿ ಸೇರಿದ ಎಕ್ಸ್ಟ್-೩, ೨೦೦೮ರ ಎಕ್ಸ್ಟ್-೪, ಈ ಕಡತ ವ್ಯವಸ್ಥೆಗಳೆಲ್ಲ ಇದೇ ಕಿರ್ದಿಯ ಮಾರ್ಗವನ್ನು ಹಿಡಿದಿವೆ. ಮಾಡಬೇಕಾದ ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆಯುವುದು. ಅದು ಪೂರ್ಣವಾಯಿತೆಂದು ಒಂದು ಮುದ್ರೆಯೊತ್ತುವುದು. ಅನಂತರ ಅದರ ಸ್ಥಳದಲ್ಲಿ ಬರೆಯುವುದು. ನಡುವೆ ಯಂತ್ರವು ನಿಂತರೆ, ಮತ್ತೆ ಎದ್ದಾಗ ಮುದ್ರೆಯಿರುವುದನ್ನು ಪೂರೈಸುತ್ತದೆ, ಮುದ್ರೆಯಿಲ್ಲದುದನ್ನು ಬಿಟ್ಟುಬಿಡುತ್ತದೆ.

ಈಗ ಯೋಚಿಸಿರಿ. ಡಿಸ್ಕು ತನ್ನ ಅನುಕೂಲಕ್ಕಾಗಿ ಕ್ರಮವನ್ನು ಬದಲಿಸಿ, ಕಿರ್ದಿಯ ಬರವಣಿಗೆಗಿಂತ ಮೊದಲು ಮುದ್ರೆಯನ್ನೇ ಒತ್ತಿಬಿಟ್ಟರೆ ಗತಿಯೇನು? ಆ ಗಳಿಗೆಯಲ್ಲಿ ವಿದ್ಯುತ್ತು ಹೋದರೆ, ಮುಂದೆ ಯಂತ್ರವು ಮುದ್ರೆಯನ್ನು ನಂಬಿ ಕಸವನ್ನೇ ಖಾತೆಗೆ ಏರಿಸೀತು. ಆದುದರಿಂದ ಮುದ್ರೆಯೊತ್ತುವುದಕ್ಕೆ ಮುಂಚೆ ಒಂದು ಫ್ಲಶ್. ಮುದ್ರೆಯು ಮರೆಗೂಡಿನಲ್ಲಿ ತಂಗದೆ ನೇರವಾಗಿ ಸ್ಥಿರವಾದ ಸ್ಥಳಕ್ಕೆ. ೨೦೧೧ರ ಜನವರಿಯಲ್ಲಿ ಬಂದ ಲಿನಕ್ಸ್ ೨.೬.೩೭ರಿಂದೀಚೆಗೆ ಈ ಕ್ರಮವೇ ನಡೆದುಬಂದಿದೆ. ಅದಕ್ಕೆ ಹಿಂದೆ ‘ತಡೆಗೋಡೆ’ ಎಂಬ ಬೇರೊಂದು ವಿಧಾನವಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಕಿರ್ದಿಯಲ್ಲಿ ಸಾಮಾನ್ಯವಾಗಿ ದಾಖಲಾಗುವುದು ಕಡತದ ಹೆಸರು, ಅಳತೆ, ಸ್ಥಳಗಳ ಸೂಚಿಯೇ ಹೊರತು ನೀವು ಬರೆದ ಪ್ರಬಂಧವಲ್ಲ. ಕಿರ್ದಿಯು ಗ್ರಂಥಾಲಯದ ಕಪಾಟುಗಳು ಕುಸಿಯದಂತೆ ಕಾಯುತ್ತದೆ. ನಿಮ್ಮ ಪುಸ್ತಕದ ಕೊನೆಯ ಹಾಳೆಗೆ ಅದು ಹೊಣೆಯಲ್ಲ.

ಆ ಕೊನೆಯ ಹಾಳೆಗೆ ಹೊಣೆ ಯಾರು? ಅದನ್ನು ಬರೆಸುವ ತಂತ್ರಾಂಶ. “ಈ ಕಡತವು ಸ್ಥಿರವಾಗುವ ತನಕ ನಾನು ಕಾಯುತ್ತೇನೆ” ಎಂದು ಅದು ಆಪರೇಟಿಂಗ್ ಸಿಸ್ಟಮ್‌ಗೆ ಬಿನ್ನವಿಸಿಕೊಳ್ಳಬೇಕು. ಯೂನಿಕ್ಸ್ ಕುಲದಲ್ಲಿ ಈ ಬಿನ್ನಹಕ್ಕೆ ಎಫ್‌ಸಿಂಕ್ ಎಂದು ಹೆಸರು. ಬಿನ್ನವಿಸಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ೨೦೦೯ರ ಪ್ರಸಂಗವೊಂದು ಸಾಕ್ಷಿ. ಎಕ್ಸ್ಟ್-೩ರಲ್ಲಿ ಸಾಮಾನ್ಯವಾಗಿ ೫ ಸೆಕೆಂಡುಗಳೊಳಗೆ ಡಿಸ್ಕಿಗೆ ಸೇರುತ್ತಿದ್ದ ಸಾಮಗ್ರಿಯು ಎಕ್ಸ್ಟ್-೪ರಲ್ಲಿ ಇನ್ನಷ್ಟು ಹೊತ್ತು ಮೆಮೊರಿಯಲ್ಲಿ ತಂಗತೊಡಗಿತು. ಎಫ್‌ಸಿಂಕ್ ಮಾಡದೆಯೇ ಹಳೆಯ ಕಡತದ ಸ್ಥಾನದಲ್ಲಿ ಹೊಸದನ್ನು ಇಡುತ್ತಿದ್ದ ತಂತ್ರಾಂಶಗಳ ಬಣ್ಣ ಆಗ ಬಯಲಾಯಿತು. ಯಂತ್ರವು ಹಠಾತ್ತನೆ ನಿಂತಾಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಸೊನ್ನೆ ಅಳತೆಯ ಕಡತವೊಂದು ಉಳಿಯುತ್ತಿತ್ತು. ನಮ್ಮ ವಿದ್ಯಾರ್ಥಿಗಳು ಕೇಳುವ ಖಾಲಿ ಕಡತದ ಪ್ರಶ್ನೆಗೆ ಇದೂ ಒಂದು ಉತ್ತರ. ದೋಷ ಯಾರದೆಂದು ದೊಡ್ಡ ಚರ್ಚೆ ನಡೆಯಿತು. ನಿಯಮದಂತೆ ಬಿನ್ನವಿಸಿಕೊಳ್ಳದ ತಂತ್ರಾಂಶಗಳದೇ ತಪ್ಪೆಂದು ವಾದಿಸಲು ಆಧಾರವಿದ್ದರೂ, ಎಕ್ಸ್ಟ್-೪ನ್ನು ನೋಡಿಕೊಳ್ಳುತ್ತಿದ್ದವರು ಅದೇ ವರ್ಷ ಅಂಥ ಸಂದರ್ಭಗಳನ್ನು ಗುರುತಿಸಿ ಬೇಗನೆ ಬರೆಯುವ ಏರ್ಪಾಟನ್ನೂ ಮಾಡಿದರು. ತಮ್ಮ ವಾದ ಸರಿಯಿದ್ದರೂ ಇನ್ನೊಬ್ಬರ ನಷ್ಟವನ್ನು ತಪ್ಪಿಸಿದ ಈ ಗುಣವು ಮೆಚ್ಚತಕ್ಕದ್ದು.

ಬಿನ್ನಹದ ಅರ್ಥವೂ ಎಲ್ಲೆಡೆ ಒಂದೇ ಅಲ್ಲ. ಆ್ಯಪಲ್ ಸಂಸ್ಥೆಯ ಮ್ಯಾಕ್‌ಗಳಲ್ಲಿ ಎಫ್‌ಸಿಂಕ್ ಎಂದರೆ ಸಾಮಗ್ರಿಯನ್ನು ಸಾಧನದ ತನಕ ತಲುಪಿಸುವುದಷ್ಟೆ. ಸಾಧನದ ಹೊಟ್ಟೆಯ ಮರೆಗೂಡನ್ನೂ ಬರಿದುಮಾಡಿಸಲು ಬೇರೊಂದು ಆಜ್ಞೆಯೇ ಬೇಕು. ಲಿನಕ್ಸ್‌ನಲ್ಲಿ ೨೦೧೮ರಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂದಿತು. ಡಿಸ್ಕಿಗೆ ಬರೆಯುವಾಗ ತಪ್ಪು ಸಂಭವಿಸಿದರೆ ಎಫ್‌ಸಿಂಕ್ ಒಮ್ಮೆ ತಪ್ಪೆಂದು ಹೇಳಿ, ಮತ್ತೊಮ್ಮೆ ಕೇಳಿದರೆ ಸರಿಯಾಗಿದೆ ಎನ್ನುತ್ತಿತ್ತು. ಕೊಳೆಪುಟಕ್ಕೆ ಶುಚಿಯಾದುದೆಂಬ ಗುರುತು ಬಿದ್ದಿರುತ್ತಿತ್ತು. ಒಳಗಿನ ಬರಹ ಡಿಸ್ಕಿಗೆ ಹೋಗಿರುತ್ತಲೇ ಇರಲಿಲ್ಲ. ಲೆಕ್ಕಪತ್ರಗಳನ್ನು ಕಾಯುವ ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ತಂತ್ರಾಂಶವು “ಮತ್ತೊಮ್ಮೆ ಕೇಳಿದರಾಯಿತು” ಎಂಬ ನಂಬಿಕೆಯ ಮೇಲೆ ನಡೆಯುತ್ತಿತ್ತು. ೨೦೧೯ರಿಂದ ಅದು ಒಮ್ಮೆ ತಪ್ಪೆಂದು ಕೇಳಿದೊಡನೆ ಕೆಲಸವನ್ನು ನಿಲ್ಲಿಸಿ, ತನ್ನ ಕಿರ್ದಿಯಿಂದ ಎಲ್ಲವನ್ನೂ ಪುನಃ ಕಟ್ಟಿಕೊಳ್ಳುತ್ತದೆ.

ಯಂತ್ರವನ್ನು ಆರಿಸುವ ಗಳಿಗೆಯೂ ಸೂಕ್ಷ್ಮವಾದುದು. ವಿಂಡೋಸ್ ೯೮ರ ಕಾಲದಲ್ಲಿ ಯಂತ್ರಗಳು ವೇಗವಾದಂತೆಲ್ಲ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸವನ್ನು ಮುಗಿಸಿ ವಿದ್ಯುತ್ತನ್ನು ಕಡಿದುಬಿಡುತ್ತಿತ್ತು; ಡಿಸ್ಕು ತನ್ನ ಮರೆಗೂಡಿನಲ್ಲಿದ್ದುದನ್ನು ಬರೆದು ಮುಗಿಸಿರುತ್ತಿರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ಹೊರಡಿಸಿದ ಪರಿಹಾರವು ಬಹು ಸರಳವಾಗಿತ್ತು: ಆರಿಸುವ ಮುನ್ನ ಎರಡು ಸೆಕೆಂಡು ಕಾಯುವುದು.

ಇಷ್ಟೆಲ್ಲ ಕೇಳಿದ ಮೇಲೆ, “ಈ ಮರೆಗೂಡುಗಳನ್ನೇ ಮುಚ್ಚಿಬಿಡಬಾರದೆ?” ಎಂದು ಪೋಷಕರಲ್ಲಿ ಕೆಲವರಿಗೆ ಅನಿಸಿರಬಹುದು. ಮುಚ್ಚಬಹುದು, ಅದಕ್ಕೆ ಅವಕಾಶವಿದೆ. ಆದರೆ ಬೆಲೆಯನ್ನು ನೋಡಿರಿ. ಒಂದೊಂದು ಸಣ್ಣ ತುಣುಕಿಗೂ ತಟ್ಟೆಯ ಒಂದು ಸುತ್ತು ಕಾಯಬೇಕಾಗಿ ಬಂದರೆ ಸೆಕೆಂಡಿಗೆ ೧೨೦ ತುಣುಕುಗಳು ಮಾತ್ರ ಸಾಗುತ್ತವೆ. ತುಣುಕಿಗೆ ೪ ಕಿಲೋಬೈಟಿನಂತೆ ಲೆಕ್ಕ ಹಾಕಿದರೆ ೪೮೦ ಕಿಲೋಬೈಟು. ಅದೇ ಡಿಸ್ಕು ತಡೆಯಿಲ್ಲದೆ ಬರೆದರೆ ಸೆಕೆಂಡಿಗೆ ೧೦೦ ಮೆಗಾಬೈಟಿಗೂ ಮಿಗಿಲಾಗಿ ಬರೆಯಬಲ್ಲದು. ಇನ್ನೂರು ಪಟ್ಟಿಗಿಂತ ಹೆಚ್ಚಿನ ಈ ಅಂತರವನ್ನು ಯಾರು ಸಹಿಸಿಯಾರು? ಆದುದರಿಂದ ಎಲ್ಲವನ್ನೂ ಅವಸರದಿಂದ ಬರೆಯುವುದೂ ಸಲ್ಲದು, ಎಲ್ಲವನ್ನೂ ಕಾಯಿಸುವುದೂ ಸಲ್ಲದು. ಮುಖ್ಯವಾದುದಕ್ಕೆ ಮಾತ್ರ ಸ್ಪಷ್ಟವಾಗಿ ಕೇಳಿ, ಕಾದು, ಉತ್ತರ ಪಡೆಯುವುದೇ ವಿಹಿತವಾದ ಮಾರ್ಗ.

ಇನ್ನು ನಾವು ಆಚರಣೆಯಲ್ಲಿ ಇಟ್ಟುಕೊಳ್ಳಬೇಕಾದ ಕೆಲವು ಮಾತುಗಳು. ಮೊದಲನೆಯದಾಗಿ, ಕಂಪ್ಯೂಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸತಕ್ಕದ್ದಲ್ಲ. ಅದಕ್ಕೆ ಗೊತ್ತಾದ ಕ್ರಮದಲ್ಲಿಯೇ ಮುಚ್ಚಿ, ದೀಪವು ನಂದುವ ತನಕ ಕಾಯಬೇಕು. ಎರಡನೆಯದಾಗಿ, ಪೆನ್ ಡ್ರೈವನ್ನು ಕಿತ್ತುಕೊಳ್ಳುವ ಅಭ್ಯಾಸವನ್ನು ಬಿಡಬೇಕು. ೨೦೧೮ರ ಅಕ್ಟೋಬರಿನ ವಿಂಡೋಸ್ ೧೦ರ ಆವೃತ್ತಿಯಿಂದ, ಹೊರಗಿನಿಂದ ಜೋಡಿಸುವ ಸಾಧನಗಳಿಗೆ ಮರೆಗೂಡನ್ನು ಬಳಸದಿರುವುದೇ ಮೊದಲ ಏರ್ಪಾಟಾಗಿದೆ ಎಂಬುದು ನಿಜ. ಆದರೂ ಬರವಣಿಗೆ ನಡೆಯುತ್ತಿರುವಾಗ ಕಿತ್ತರೆ ಯಾವ ಏರ್ಪಾಟೂ ಕಾಯಲಾರದು. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಂತೂ ಇಜೆಕ್ಟ್ ಎಂಬ ಆಜ್ಞೆಯನ್ನು ಕೊಟ್ಟು ಅನುಮತಿ ಬಂದ ಮೇಲೆಯೇ ತೆಗೆಯಬೇಕು. ದೊಡ್ಡ ಕಡತವನ್ನು ನಕಲು ಮಾಡುವಾಗ ಪರದೆಯ ಮೇಲಿನ ಪಟ್ಟಿ ಬೇಗನೆ ತುಂಬಿ, ಆಮೇಲೆ ಇಜೆಕ್ಟ್ ಮಾಡಲು ಬಹಳ ಹೊತ್ತು ಹಿಡಿಯುವುದನ್ನು ನೀವು ನೋಡಿರಬಹುದು. ಅದರ ಕಾರಣವು ಈಗ ನಿಮಗೆ ತಿಳಿಯಿತಷ್ಟೆ. ತುಂಬಿದ್ದು ಕಣ, ಹಗೇವು ತುಂಬುವುದು ಇನ್ನೂ ನಡೆದಿದೆ.

ಮೂರನೆಯದಾಗಿ, ವಿದ್ಯುತ್ತು ಆಗಾಗ ಹೋಗುವ ಊರುಗಳಲ್ಲಿ ಯು.ಪಿ.ಎಸ್. ಎಂಬ ಬ್ಯಾಟರಿಯ ಪೆಟ್ಟಿಗೆಯು ಆಡಂಬರವಲ್ಲ, ಅಗತ್ಯ. ಅದು ಕೊಡುವ ಹತ್ತು ನಿಮಿಷ ಬರೆಯುತ್ತ ಕೂರುವುದಕ್ಕಲ್ಲ. ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವುದಕ್ಕೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕಳೆದುಕೊಳ್ಳಲಾಗದ ವಸ್ತುವಿಗೆ ಎರಡು ಪ್ರತಿಗಳಿರಬೇಕು, ಬೇರೆ ಬೇರೆ ಸ್ಥಳಗಳಲ್ಲಿರಬೇಕು. ಫ್ಲಶ್, ಕಿರ್ದಿ, ಕೆಪಾಸಿಟರ್ ಇವೆಲ್ಲ ಬರೆಯುವ ಗಳಿಗೆಯ ಅಪಾಯಕ್ಕೆ ಮಾತ್ರ ಮದ್ದು. ಡಿಸ್ಕೇ ಸತ್ತರೆ, ಕಳ್ಳ ಒಯ್ದರೆ, ಮಗು ಅಳಿಸಿಬಿಟ್ಟರೆ ಅವುಗಳಿಂದ ಪ್ರಯೋಜನವಿಲ್ಲ. ನಕಲು ಮಾಡಿದ ಮೇಲೆ ಆ ಪ್ರತಿಯನ್ನು ಒಮ್ಮೆ ತೆರೆದು ನೋಡುವುದನ್ನೂ ಮರೆಯಬಾರದು. ಅದನ್ನೂ ಸಾಧನವನ್ನು ಒಮ್ಮೆ ತೆಗೆದು ಮತ್ತೆ ಜೋಡಿಸಿದ ಅನಂತರವೇ ನೋಡಬೇಕು. ಇಲ್ಲವಾದರೆ ನಿಮಗೆ ಕಾಣಿಸುವುದು ಮೆಮೊರಿಯಲ್ಲಿ ಉಳಿದಿರುವ ನೆರಳೇ ಆಗಿದ್ದೀತು.

ವಿದ್ಯಾರ್ಥಿಗಳೇ, ಮುಂದೆ ನಿಮ್ಮಲ್ಲಿ ಕೆಲವರಾದರೂ ತಂತ್ರಾಂಶವನ್ನು ರಚಿಸುವವರಾಗುತ್ತೀರಿ. ಯಾವನೋ ರೈತನ ಸಾಲದ ಲೆಕ್ಕ, ಯಾವಳೋ ರೋಗಿಯ ರಕ್ತದ ವರ್ಗ ನಿಮ್ಮ ಕೈಯಿಂದ ಡಿಸ್ಕಿಗೆ ಹೋಗುವ ಕಾಲ ಬರುತ್ತದೆ. ಆಗ ಪರದೆಯ ಮೇಲೆ “ಉಳಿಸಲಾಯಿತು” ಎಂದು ಬರೆಯುವ ಮುನ್ನ, ಅದು ಎಲ್ಲಿ ಉಳಿದಿದೆ, ಕಣದಲ್ಲಿಯೋ ಹಗೇವಿನಲ್ಲಿಯೋ ಎಂದು ಕೇಳಿಕೊಳ್ಳಿರಿ. ಓದುವವನು ಆ ಒಂದು ಮಾತನ್ನು ನಂಬಿ ತನ್ನ ಕಾಗದವನ್ನು ಹರಿದುಹಾಕುತ್ತಾನೆ.